ಮನೆಪಟ್ಟಿ ತುಂಬೋರು ಯಾರು, ವೋಟು ಹಾಕೋರು ಯಾರು?

ಏಪ್ರಿಲ್ ತಿಂಗಳಲ್ಲಿ ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆ ಮನೆ ಇರುವವರಿಗೆಲ್ಲ ಒಂದೇ ಅವಸರ. ತಿಂಗಳು ಮುಗಿಯುವುದರೊಳಗೆ ಮನೆಪಟ್ಟಿ, ಅಂದರೆ ಮನೆಯ ಆಸ್ತಿ ತೆರಿಗೆ, ತುಂಬಿದರೆ ಶೇ 5 ರಿಯಾಯಿತಿ. ಚಲನ್ ತೆಗೆಸಿ, ಹೋದ ವರ್ಷದ ರಸೀದಿ ಪಕ್ಕಕ್ಕಿಟ್ಟು ನೋಡಿದರೆ ಮೊತ್ತ ಏರಿರುತ್ತದೆ. ಆಗ ಕಟ್ಟೆಯ ಮೇಲೆ ಕೂತವರಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: ಪಟ್ಟಿ ತುಂಬೋರು ನಾವು, ಕಾರ್ಪೊರೇಟರ್‌ನ ಆರಿಸೋರಲ್ಲಿ ಬಾಡಿಗೆಯವರೂ ಇದ್ದಾರೆ, ಇದೆಂಥ ನ್ಯಾಯ?

ಈ ಮಾತು ಹೊಸದಲ್ಲ. ಆದರೆ 2025ರಿಂದ ಜಾಸ್ತಿ ಕೇಳುತ್ತಿದೆ. ಆ ವರ್ಷ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಅನಧಿಕೃತ ಲೇಔಟಿನ ಮನೆ, ನಿವೇಶನಗಳಿಗೆ ಬಿ ಖಾತೆ, ಅಂದರೆ ತೆರಿಗೆ ಕಟ್ಟಲು ಬೇಕಾದ ಪಾಲಿಕೆಯ ದಾಖಲೆ, ಕೊಡುವ ಅಭಿಯಾನ ಶುರು ಮಾಡಿತು. ಅದುವರೆಗೆ ಪಾಲಿಕೆಯ ಲೆಕ್ಕಕ್ಕೇ ಸಿಗದಿದ್ದ ಎಷ್ಟೋ ಆಸ್ತಿಗಳು ತೆರಿಗೆಯ ಪಟ್ಟಿಗೆ ಬರುವ ದಾರಿ ತೆರೆಯಿತು. ಅದೇ ವರ್ಷ ಬಿಹಾರದಲ್ಲಿ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆ ನಡೆದು, ಯಾರು ಎಲ್ಲಿಯ ನಿವಾಸಿ ಎಂಬ ಪ್ರಶ್ನೆ ದೇಶದ ತುಂಬ ಚರ್ಚೆಯಾಯಿತು. ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯ ಸಂಪುಟವೂ ಸ್ಥಳೀಯ ಚುನಾವಣೆಗೆ ಮತಪತ್ರ ಬೇಕು, ಮತದಾರರ ಪಟ್ಟಿಯನ್ನು ರಾಜ್ಯ ಚುನಾವಣಾ ಆಯೋಗವೇ ಸಿದ್ಧಪಡಿಸಲಿ ಎಂದು ತೀರ್ಮಾನಿಸಿತು. ಒಂದು ಕಡೆ ತೆರಿಗೆಯ ಪಟ್ಟಿ, ಇನ್ನೊಂದು ಕಡೆ ಮತದಾರರ ಪಟ್ಟಿ. ಎರಡೂ ಒಟ್ಟಿಗೆ ಸುದ್ದಿಯಾದಾಗ ಇವೆರಡೂ ಒಂದೇ ಇರಬೇಕಲ್ವಾ ಅಂತ ಅನಿಸುವುದು ಸಹಜ.

ಹಾಗಾದರೆ ಸ್ವಂತ ಮನೆ ಇಲ್ಲದವರು ಮನೆಪಟ್ಟಿ ಮತ್ತು ಊರಿನ ಜಾಗದ ಬಳಕೆ, ಅಂದರೆ ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಹೊಲ ಎಂಬ ಝೋನಿಂಗ್ ವಿಷಯದಲ್ಲಿ ವೋಟು ಹಾಕಬೇಕಾ?

ಅಮೆರಿಕದ ಜಗಳ ಬೇರೆ, ನಮ್ಮದು ಬೇರೆ

ಈ ಪ್ರಶ್ನೆ ಅಕ್ಷರಶಃ ಏಳುವುದು ಅಮೆರಿಕದಲ್ಲಿ. ಅಲ್ಲಿ ಅನೇಕ ಊರುಗಳಲ್ಲಿ ಜನ ನೇರವಾಗಿ ಇಂಥ ವಿಷಯಗಳ ಮೇಲೆಯೇ ವೋಟು ಹಾಕುತ್ತಾರೆ. ಶಾಲೆ ಕಟ್ಟಲು ಸಾಲ ಎತ್ತಬೇಕಾ, ಆಸ್ತಿ ತೆರಿಗೆ ಏರಿಸಬೇಕಾ, ಈ ಹೊಲವನ್ನು ಅಪಾರ್ಟ್‌ಮೆಂಟಿಗೆ ಬಿಡಬೇಕಾ ಎಂದು ಚೀಟಿಯ ಮೇಲೆ ಬರೆದಿರುತ್ತದೆ. ಹೌದು ಅಥವಾ ಇಲ್ಲ ಅನ್ನಬೇಕು.

ಕ್ಯಾಲಿಫೋರ್ನಿಯಾದಲ್ಲಿ 1978ರಲ್ಲಿ ಪ್ರೊಪೊಸಿಷನ್ 13 ಎಂಬ ಪ್ರಸ್ತಾವಕ್ಕೆ ಜನ ಹೀಗೇ ಒಪ್ಪಿಗೆ ಕೊಟ್ಟರು. ಆಸ್ತಿ ತೆರಿಗೆ ಮೌಲ್ಯದ ಶೇ 1 ದಾಟಬಾರದು, ಲೆಕ್ಕಕ್ಕೆ ಹಿಡಿಯುವ ಮೌಲ್ಯ ವರ್ಷಕ್ಕೆ ಶೇ 2ಕ್ಕಿಂತ ಜಾಸ್ತಿ ಏರಬಾರದು ಎಂದು ಅದು ಕಟ್ಟಿಹಾಕಿತು.

ಆಸ್ತಿ ಇದ್ದವರಿಗೆ ಮಾತ್ರ ಇಂಥ ವೋಟು ಎಂಬ ನಿಯಮಗಳೂ ಅಲ್ಲಿ ಇದ್ದವು. ನ್ಯೂಯಾರ್ಕ್ ರಾಜ್ಯದ ಒಂದು ಪ್ರಕರಣ ಮಜವಾಗಿದೆ. ಶಾಲಾ ಜಿಲ್ಲೆಯ, ಅಂದರೆ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಯ, ಚುನಾವಣೆಯಲ್ಲಿ ಆಸ್ತಿಯ ಮಾಲೀಕರು, ಅದನ್ನು ಬಾಡಿಗೆಗೆ ಪಡೆದವರು, ಇಲ್ಲವೇ ಶಾಲೆಗೆ ಹೋಗುವ ಮಕ್ಕಳ ತಂದೆತಾಯಿ, ಇಷ್ಟು ಜನರಿಗೆ ಮಾತ್ರ ವೋಟು ಇತ್ತು. ಅಪ್ಪ ಅಮ್ಮನ ಮನೆಯಲ್ಲೇ ಇದ್ದ, ಮದುವೆಯಾಗದ 31 ವರ್ಷದ ಒಬ್ಬಾತ ಕೋರ್ಟಿಗೆ ಹೋದ. 1969ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ನಿಯಮವನ್ನು ತೆಗೆದುಹಾಕಿತು. ಮರುವರ್ಷ ಅರಿಜೋನಾದ ಫೀನಿಕ್ಸ್ ನಗರದ ಪ್ರಕರಣದಲ್ಲಿ, ಆಸ್ತಿ ತೆರಿಗೆಯಿಂದ ತೀರಿಸುವ ಸಾಲಪತ್ರದ ವಿಷಯದಲ್ಲೂ ಮಾಲೀಕರಿಗಷ್ಟೇ ವೋಟು ಕೊಡುವಂತಿಲ್ಲ ಎಂದಿತು. ಅಲ್ಲಿ ಕೋರ್ಟ್ ಕೊಟ್ಟ ಕಾರಣಗಳಲ್ಲಿ ಒಂದು ನಮಗೂ ಬೇಕಾದದ್ದು: ಬಾಡಿಗೆದಾರನೂ ಬಾಡಿಗೆಯ ಮೂಲಕ ಆ ತೆರಿಗೆಯ ಭಾರ ಹೊರುತ್ತಾನೆ.

ಎಲ್ಲ ಕಡೆ ಹಾಗೇ ಆಯಿತು ಅಂತಲ್ಲ. ಕ್ಯಾಲಿಫೋರ್ನಿಯಾದ ಒಂದು ನೀರು ಸಂಗ್ರಹ ಜಿಲ್ಲೆಯಲ್ಲಿ ಜಮೀನು ಇದ್ದವರಿಗೆ ಮಾತ್ರ ವೋಟು ಎಂಬ ಪದ್ಧತಿಯನ್ನು 1973ರಲ್ಲಿ ಅದೇ ಕೋರ್ಟ್ ಉಳಿಸಿತು. ಆ ಸಂಸ್ಥೆಯ ಕೆಲಸ ಸೀಮಿತ, ಖರ್ಚೆಲ್ಲ ಜಮೀನಿನ ಮೇಲೆ ಬೀಳುತ್ತದೆ ಎಂಬುದು ಕಾರಣ. ಅಂದರೆ ನೀರು ಹಂಚುವ ಸಂಘ ಬೇರೆ, ಊರು ನಡೆಸುವ ಪಾಲಿಕೆ ಬೇರೆ. ನಮ್ಮ ನೀರು ಬಳಕೆದಾರರ ಸಹಕಾರ ಸಂಘವನ್ನೂ ಪಾಲಿಕೆಯನ್ನೂ ನಾವು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲವಲ್ಲ, ಹಾಗೆ.

ನಮ್ಮಲ್ಲಿ ಇಂಥ ನೇರ ವೋಟೇ ಇಲ್ಲ. ಮನೆಪಟ್ಟಿ ಏರಿಸಬೇಕಾ ಬೇಡವಾ ಎಂದು ಬೆಳಗಾವಿಯ ಟಿಳಕವಾಡಿಯ ಮಾಲೀಕರನ್ನೂ ಯಾರೂ ಕೇಳಿಲ್ಲ, ಅವರ ಬಾಡಿಗೆದಾರರನ್ನೂ ಕೇಳಿಲ್ಲ.

ನಮ್ಮ ವೋಟು ಅಂಟಿಕೊಂಡಿರುವುದು ವಾಸಕ್ಕೆ

ಒಂದು ಕಾಲದಲ್ಲಿ ಇಲ್ಲೂ ಆಸ್ತಿ ನೋಡಿಯೇ ವೋಟು ಕೊಡುತ್ತಿದ್ದರು. ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಆಗ ಮುಂಬೈ ಪ್ರಾಂತದಲ್ಲಿದ್ದವು. ಬ್ರಿಟಿಷರ ಕಾಲದಲ್ಲಿ ಪುರಸಭೆಯಿಂದ ಹಿಡಿದು ಪ್ರಾಂತೀಯ ಶಾಸನಸಭೆವರೆಗೆ ಮತದಾನಕ್ಕೆ ಆಸ್ತಿ, ತೆರಿಗೆ, ಓದು ಇಂಥ ಅರ್ಹತೆಗಳಿದ್ದವು. 1935ರ ಕಾಯ್ದೆ ಬಂದ ಮೇಲೂ ವಯಸ್ಕರಲ್ಲಿ ಸಣ್ಣ ಪಾಲಿಗೆ ಮಾತ್ರ ವೋಟು. ಸಂವಿಧಾನ ಬಂದಾಗ ಇದೆಲ್ಲ ಹೋಯಿತು. ವಯಸ್ಸಾದರೆ ಸಾಕು, ಉತಾರ, ಅಂದರೆ ಆಸ್ತಿಯ ದಾಖಲೆ, ಬೇಡ. ಆ ವಯಸ್ಸೂ 61ನೇ ತಿದ್ದುಪಡಿಯಿಂದ 21ರಿಂದ 18ಕ್ಕೆ ಇಳಿಯಿತು.

ಪಾಲಿಕೆ ಚುನಾವಣೆಗೆ ನಮ್ಮ ರಾಜ್ಯದಲ್ಲಿ ವಿಧಾನಸಭೆಯ ಮತದಾರರ ಪಟ್ಟಿಯೇ ಆಧಾರ. ಅದನ್ನೇ ವಾರ್ಡುಗಳಿಗೆ ಹಂಚುತ್ತಾರೆ. ಆ ಪಟ್ಟಿಗೆ ಹೆಸರು ಸೇರಬೇಕಾದರೆ ಆ ಕ್ಷೇತ್ರದಲ್ಲಿ ಸಾಮಾನ್ಯವಾಗಿ ವಾಸವಾಗಿರಬೇಕು. 1950ರ ಜನಪ್ರತಿನಿಧಿ ಕಾಯ್ದೆಯ 20ನೇ ಕಲಂ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಒಂದು ಕ್ಷೇತ್ರದಲ್ಲಿ ಮನೆ ಇದೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಅಲ್ಲಿಯ ನಿವಾಸಿ ಅಂತ ಪರಿಗಣಿಸುವಂತಿಲ್ಲ ಎನ್ನುತ್ತದೆ.

ಪುಣೆಯಲ್ಲಿ ನೌಕರಿ ಮಾಡಿಕೊಂಡು, ಬೆಳಗಾವಿಯಲ್ಲಿ ಎರಡು ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟವರಿಗೆ ಬೆಳಗಾವಿಯಲ್ಲಿ ವೋಟಿಲ್ಲ. ಆ ಎರಡು ಮನೆಯಲ್ಲಿ ಇರುವವರಿಗೆ ಇದೆ. ಕಾನೂನು ಮರೆತು ಬಿಟ್ಟ ಸಂದಿಯಲ್ಲ ಇದು, ಬೇಕಂತಲೇ ಹಾಗೆ ಬರೆದದ್ದು. ಗಟಾರು ತುಂಬಿ ಹರಿದರೆ ಮೂಗು ಮುಚ್ಚಿಕೊಳ್ಳುವವರು ಪುಣೆಯಲ್ಲಿಲ್ಲ.

ಬೇರೆ ದೇಶಗಳಲ್ಲಿ ಬೇರೆ ದಾರಿಗಳೂ ಇವೆ ಎನ್ನುವುದನ್ನೂ ಹೇಳಬೇಕು. ನ್ಯೂಜಿಲೆಂಡಿನಲ್ಲಿ ಬೇರೆ ಊರಲ್ಲಿರುವ ಆಸ್ತಿ ಮಾಲೀಕರು ಆಸ್ತಿ ಇರುವ ಊರಿನ ಸ್ಥಳೀಯ ಚುನಾವಣೆಯಲ್ಲೂ ವೋಟು ಹಾಕಬಹುದು. ಆದರೆ ಅಲ್ಲೂ ಅದು ನಿವಾಸಿಗಳ ವೋಟಿನ ಜೊತೆಗೆ ಇರುವುದು, ಅವರ ವೋಟು ಕಿತ್ತು ಕೊಟ್ಟದ್ದಲ್ಲ.

ಮಾಲೀಕರ ಮಾತಲ್ಲೂ ಹುರುಳಿದೆ

ಮಾಲೀಕರು ಸುಮ್ನೆ ಹೊಟ್ಟೆಯುರಿಗೆ ಹೀಗೆ ಹೇಳುತ್ತಾರೆ ಅಂದುಕೊಳ್ಳಬಾರದು. ಅವರ ವಾದ ಮೂರು ಎಳೆಯದು.

ದುಡ್ಡು ಕೊಡುವವನೊಬ್ಬ, ಖರ್ಚು ಮಾಡಿ ಅನ್ನುವವನು ಇನ್ನೊಬ್ಬ ಆದರೆ ಖರ್ಚಿಗೆ ಕಡಿವಾಣ ಇರುವುದಿಲ್ಲ. ಪಟ್ಟಿಯ ಚಲನ್ ನೋಡದವನಿಗೆ ಉದ್ಯಾನವೂ ಬೇಕು, ಕಾಂಕ್ರೀಟ್ ರಸ್ತೆಯೂ ಬೇಕು. ಬಿಲ್ಲು ಕೈಗೆ ಬಂದರೆ ಮಾತ್ರ ಬೆಲೆ ಗೊತ್ತಾಗುತ್ತದೆ. ಇದು ಸುಳ್ಳಲ್ಲ.

ಬಾಡಿಗೆದಾರ 11 ತಿಂಗಳ ಕರಾರಿನವನು, ಮಾಲೀಕ ಮೂವತ್ತು ವರ್ಷದವನು ಎಂಬುದು ಇನ್ನೊಂದು ಎಳೆ. ಇಂದು ತಪ್ಪು ಯೋಜನೆ ಮಾಡಿದರೆ ಬಾಡಿಗೆದಾರ ಸಾಮಾನು ಕಟ್ಟಿಕೊಂಡು ಬೇರೆ ಓಣಿಗೆ ಹೋಗುತ್ತಾನೆ. ಮನೆ ಎತ್ತಿಕೊಂಡು ಹೋಗಲಾಗುವುದಿಲ್ಲ.

ನನಗೆ ಹೆಚ್ಚು ತೂಕದ್ದಾಗಿ ಕಾಣುವುದು ಕೊನೆಯ ಎಳೆ. ಮನೆಯ ಬೆಲೆ ಏರಿದರೆ ಕೈಯಲ್ಲಿ ದುಡ್ಡು ಏರುವುದಿಲ್ಲ. ನಲವತ್ತು ವರ್ಷದ ಹಿಂದೆ ಕಟ್ಟಿದ ಮನೆಯಲ್ಲಿ ಪಿಂಚಣಿಯ ಮೇಲೆ ಬದುಕುತ್ತಿರುವ ಹಿರಿಯರಿಗೆ ಬಡಾವಣೆಯ ಗೈಡೆನ್ಸ್ ವ್ಯಾಲ್ಯೂ, ಅಂದರೆ ಸರ್ಕಾರ ನಿಗದಿ ಮಾಡಿದ ಆಸ್ತಿ ಬೆಲೆ, ಏರಿದ್ದರಿಂದ ಬಂದದ್ದು ಏನು? ದೊಡ್ಡ ಪಟ್ಟಿ, ಅಷ್ಟೇ. ಅವರೇನು ಮನೆ ಮಾರುತ್ತಾರಾ? ಅದೇ ಓಣಿಯಲ್ಲಿ ಎರಡು ಸಂಬಳ ಬರುವ ಬಾಡಿಗೆ ಕುಟುಂಬ ಅವರಿಗಿಂತ ಅನುಕೂಲಸ್ಥವಾಗಿರಬಹುದು. ಮಾಲೀಕ ಅಂದರೆ ಸಾಹುಕಾರ, ಬಾಡಿಗೆದಾರ ಅಂದರೆ ಬಡವ ಎಂಬ ಲೆಕ್ಕ ನಮ್ಮ ಊರುಗಳಲ್ಲಿ ಎಲ್ಲ ಸಲ ಸರಿಬರುವುದಿಲ್ಲ.

ಇಷ್ಟು ಒಪ್ಪಿದ ಮೇಲೆ, ಹಾಗಾದರೆ ಮಾಲೀಕರಿಗೆ ಮಾತ್ರ ವೋಟು ಅಂತ ನಿಜವಾಗಿ ಮಾಡಿ ನೋಡಿ. ಮೊದಲ ಪೆಟ್ಟು ಬೀಳುವುದು ಬಾಡಿಗೆದಾರರಿಗಲ್ಲ, ಮಾಲೀಕರ ಮನೆಯವರಿಗೇ. ಐದು ವೋಟಿರುವ ಮನೆಯ ಉತಾರದಲ್ಲಿ ಇರುವುದು ಸಾಮಾನ್ಯವಾಗಿ ಒಂದು ಹೆಸರು, ಅದೂ ಜಾಸ್ತಿ ಸಲ ಗಂಡಸಿನದು. ಹೆಂಡತಿ, ದೊಡ್ಡ ಮಗ, ಓದುತ್ತಿರುವ ಮಗಳು, ಮನೆಯಲ್ಲೇ ಇರುವ ಅತ್ತೆ, ಇವರೆಲ್ಲ ಕಾನೂನಿನ ಕಣ್ಣಲ್ಲಿ ಮನೆ ಇಲ್ಲದವರೇ. ನ್ಯೂಯಾರ್ಕಿನ ಆ 31 ವರ್ಷದವನ ಹಾಗೆ. ಇನ್ನು ವಾರಸಾ ಮಾಡಿಸದ, ಅಂದರೆ ವಾರಸುದಾರರ ಹೆಸರಿಗೆ ಬದಲಿಸದ, ಮನೆಗಳ ಕಥೆ ಕೇಳಲೇಬೇಡಿ. ಅಜ್ಜ ತೀರಿ ಇಪ್ಪತ್ತು ವರ್ಷವಾದರೂ ಉತಾರದಲ್ಲಿ ಅವರ ಹೆಸರೇ ಇರುತ್ತದೆ. ಆ ಮನೆಯಲ್ಲಿ ವೋಟಿನ ಹಕ್ಕು ಇರುವುದು ಅಜ್ಜನಿಗೊಬ್ಬರಿಗೇ!

ಪಟ್ಟಿಯ ದುಡ್ಡು ಯಾರ ಜೇಬಿನಿಂದ?

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಇಡೀ ಜಗಳ ನಿಂತಿರುವುದೇ ಇದರ ಮೇಲೆ. ಚಲನ್ ಮೇಲೆ ಯಾರ ಹೆಸರಿದೆ ಎಂಬುದು ಒಂದು ಪ್ರಶ್ನೆ. ಭಾರ ಯಾರ ಮೇಲೆ ಬೀಳುತ್ತದೆ ಎಂಬುದು ಬೇರೆಯೇ ಪ್ರಶ್ನೆ.

ಒಂದು ಲೆಕ್ಕ ಹಾಕಿ ನೋಡಿ. ಒಂದು ಮನೆಯ ಪಟ್ಟಿ ವರ್ಷಕ್ಕೆ 6,000 ರೂಪಾಯಿ ಇತ್ತು ಅಂದುಕೊಳ್ಳಿ, ಬಾಡಿಗೆ ತಿಂಗಳಿಗೆ 8,000. ಪಟ್ಟಿ ಶೇ 10 ಏರಿತು. ಅಂದರೆ ವರ್ಷಕ್ಕೆ 600, ತಿಂಗಳಿಗೆ 50 ರೂಪಾಯಿ. ಈ 50 ರೂಪಾಯಿಯನ್ನು ಮಾಲೀಕ ಬಾಡಿಗೆಗೆ ಸೇರಿಸಬಲ್ಲನಾ?

ಅದು ಅವನ ಮನಸ್ಸಿನ ಮೇಲಲ್ಲ, ಓಣಿಯ ಮೇಲೆ ನಿಂತಿದೆ. ಮನೆ ಬಾಡಿಗೆಗಿದೆ ಎಂಬ ಬೋರ್ಡು ಹತ್ತು ಗೇಟಿಗೆ ತೂಗುತ್ತಿದ್ದರೆ ಅವನು ಏರಿಸಲಾರ. ಏರಿಸಿದರೆ ಬಾಡಿಗೆದಾರ ಪಕ್ಕದ ಗೇಟಿಗೆ ಹೋಗುತ್ತಾನೆ. ಆಗ ಭಾರ ಮಾಲೀಕನದೇ. ಆದರೆ ಕಾಲೇಜು ಶುರುವಾಗುವ ಜೂನ್, ಜುಲೈನಲ್ಲಿ ಬೆಳಗಾವಿಯಲ್ಲಿ ಕೋಣೆ ಹುಡುಕಿದವರಿಗೆ ಗೊತ್ತು, ಬೋರ್ಡು ಹಾಕುವ ಮೊದಲೇ ಮನೆ ಹೋಗಿರುತ್ತದೆ. ಆಗ 50 ಅಲ್ಲ, ಪಟ್ಟಿ ಏರಿತು ಅಂತ ಹೇಳಿ 500 ಏರಿಸಿದರೂ ನಡೆಯುತ್ತದೆ. ಅಂದರೆ ಮನೆ ಸಾಲದಷ್ಟು ಇದ್ದಾಗ ಭಾರ ಬಾಡಿಗೆದಾರನ ಕಡೆ ಜಾರುತ್ತದೆ, ಮನೆ ಹೆಚ್ಚಿದ್ದಾಗ ಮಾಲೀಕನ ಕಡೆ.

ವರ್ಷಗಳು ಕಳೆದಂತೆ ಇನ್ನೊಂದು ನಡೆಯುತ್ತದೆ. ಕಟ್ಟಡದ ಮೇಲೆ ತೆರಿಗೆ ಜಾಸ್ತಿಯಾದರೆ ಮೇಲೊಂದು ಮಹಡಿ ಎಬ್ಬಿಸಿ ಬಾಡಿಗೆಗೆ ಬಿಡೋಣ ಅಂದುಕೊಂಡವರು ಹಿಂಜರಿಯುತ್ತಾರೆ. ಹೊಸ ಕೋಣೆ ಕಡಿಮೆ, ಬಾಡಿಗೆ ಹೆಚ್ಚು. ಬರೀ ಜಾಗದ ಮೇಲಿನ ತೆರಿಗೆಯ ಕಥೆ ಹಾಗಲ್ಲ. ತೆರಿಗೆ ಬಿತ್ತೆಂದು ಭೂಮಿಯೇನು ಕಡಿಮೆಯಾಗುವುದಿಲ್ಲ, ಆದ್ದರಿಂದ ಆ ಭಾರ ಹೆಚ್ಚಾಗಿ ಮಾಲೀಕನ ಮೇಲೇ ನಿಲ್ಲುತ್ತದೆ. ನಮ್ಮ ಮನೆಪಟ್ಟಿಯಲ್ಲಿ ಎರಡೂ ಬೆರೆತಿವೆ.

ತಿರುಗಿಸಿ ನೋಡಿದರೂ ಇದೇ ಕಾಣುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಪ್ರೊಪೊಸಿಷನ್ 13ರ ಹೊತ್ತಿಗೆ, ತೆರಿಗೆ ಇಳಿದರೆ ಬಾಡಿಗೆಯೂ ಇಳಿಯುತ್ತದೆ ಅಂತ ಬಾಡಿಗೆದಾರರಿಗೆ ಹೇಳಿದ್ದರು. ತೆರಿಗೆ ಇಳಿಯಿತು, ಬಾಡಿಗೆ ಇಳಿಯಲಿಲ್ಲ. ಸಿಟ್ಟಿಗೆದ್ದ ಜನರ ಒತ್ತಡಕ್ಕೆ ಮರುವರ್ಷವೇ, 1979ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಬಾಡಿಗೆ ನಿಯಂತ್ರಣ ಕಾನೂನು ತಂದಿತು. ಮಾಲೀಕ ಒಳ್ಳೆಯವನೋ ಕೆಟ್ಟವನೋ ಎಂಬ ಮಾತಲ್ಲ ಇದು. ಬಾಡಿಗೆ ನಿಲ್ಲುವುದು ಸಿಗುವ ಮನೆಗಳ ಲೆಕ್ಕದ ಮೇಲೆ, ಮಾಲೀಕನ ಖರ್ಚಿನ ಮೇಲಷ್ಟೇ ಅಲ್ಲ.

ಅಂಗಡಿಗಳದು ಇನ್ನೂ ನೇರ. ಎಷ್ಟೋ ಕರಾರುಗಳಲ್ಲಿ ಪಟ್ಟಿ ಅಂಗಡಿ ಹಿಡಿದವನೇ ತುಂಬಬೇಕು ಅಂತ ಬರೆದಿರುತ್ತದೆ. ಬೆಳಗಾವಿ ಪಕ್ಕದ ಹಿಂಡಲಗಾದಲ್ಲಿ ಮನೆ ಇದ್ದು ಊರೊಳಗಿನ ಖಡೇಬಜಾರಿನಲ್ಲಿ ಬಾಡಿಗೆ ಅಂಗಡಿ ನಡೆಸುವವನು ಬೆಳಗಾವಿ ಪಾಲಿಕೆಗೆ ಪಟ್ಟಿ ತುಂಬುತ್ತಾನೆ, ವೋಟು ಹಾಕುವುದು ಗ್ರಾಮ ಪಂಚಾಯಿತಿಗೆ. ತೆರಿಗೆ ಕಟ್ಟಿದವರಿಗೇ ವೋಟು ಅನ್ನುವವರು ಇವನನ್ನು ಯಾವ ಕಡೆ ನಿಲ್ಲಿಸುತ್ತಾರೆ?

ಎಲ್ಲರೂ ವೋಟು ಹಾಕುತ್ತಾರೆ, ಆದ್ದರಿಂದ ಎಲ್ಲರೂ ಸಮನಾಗಿ ಕಟ್ಟಲಿ ಎಂಬ ಪ್ರಯೋಗವೂ ಒಂದು ಕಡೆ ನಡೆದಿದೆ. ಬ್ರಿಟನ್‌ನಲ್ಲಿ ಮಾರ್ಗರೆಟ್ ಥ್ಯಾಚರ್ ಸರ್ಕಾರ ಮನೆಯ ಮೇಲಿನ ತೆರಿಗೆ ತೆಗೆದು, ತಲೆಗಿಷ್ಟು ಎಂಬ ತೆರಿಗೆ ತಂದಿತು. 1989ರಲ್ಲಿ ಸ್ಕಾಟ್ಲೆಂಡ್, 1990ರಲ್ಲಿ ಇಂಗ್ಲೆಂಡ್. ಬಂಗಲೆಯವನಿಗೂ ಕೋಣೆಯವನಿಗೂ ಹೆಚ್ಚುಕಡಿಮೆ ಒಂದೇ ಮೊತ್ತ. ಜನ ಬೀದಿಗಿಳಿದರು, ಲಂಡನ್ನಿನಲ್ಲಿ ಗಲಭೆಯಾಯಿತು, ಅದೇ ವರ್ಷದ ಕೊನೆಗೆ ಥ್ಯಾಚರ್ ರಾಜೀನಾಮೆಗೆ ಇದೂ ಒಂದು ಕಾರಣವಾಯಿತು. 1993ರಿಂದ ಅಲ್ಲಿ ಇರುವುದು ಮನೆಯ ಬೆಲೆ ನೋಡಿ ಹಾಕುವ ತೆರಿಗೆ. ಅದರ ಬಿಲ್ಲು ಸಾಮಾನ್ಯವಾಗಿ ಹೋಗುವುದು ಮನೆಯಲ್ಲಿ ಇರುವವನ ಹೆಸರಿಗೆ, ಅವನು ಬಾಡಿಗೆದಾರನಾದರೂ ಸರಿ. ಚಲನ್ ಕಾಣದವನಿಗೆ ಬೆಲೆ ಗೊತ್ತಿಲ್ಲ ಎಂಬ ನಮ್ಮ ಮಾಲೀಕರ ದೂರಿಗೆ ಅಲ್ಲಿ ಸಿಕ್ಕ ಉತ್ತರ ಇದು: ವೋಟು ಕಿತ್ತುಕೊಳ್ಳಲಿಲ್ಲ, ಬಿಲ್ಲು ಕೈಗೆ ಕೊಟ್ಟರು.

ಝೋನ್ ಬದಲಾದರೆ ಯಾರು ಎದ್ದು ಹೋಗುತ್ತಾರೆ?

ತೆರಿಗೆಯಲ್ಲಾದರೆ ಇಬ್ಬರ ನಷ್ಟವೂ ಸ್ವಲ್ಪ ಹತ್ತಿರ ಇರುತ್ತದೆ. ಜಾಗದ ಬಳಕೆಯ ವಿಷಯದಲ್ಲಿ ಒಬ್ಬರ ಲಾಭವೇ ಇನ್ನೊಬ್ಬರ ನಷ್ಟವಾಗುವುದುಂಟು.

ಬೆಳಗಾವಿಯ ವಡಗಾವಿ, ಖಾಸಬಾಗ ಕಡೆ ಬನ್ನಿ. ನೇಕಾರರ ಓಣಿಗಳು. ಮನೆಯ ಮುಂದಿನ ಕೋಣೆಯಲ್ಲೇ ಮಗ್ಗ, ಹಿಂದೆ ಅಡುಗೆಮನೆ. ಇದು ಮನೆಯಾ, ಕಾರ್ಖಾನೆಯಾ? ನಕ್ಷೆಯ ಮೇಲೆ ಬಣ್ಣ ಹಚ್ಚುವವರಿಗೆ ಇದು ತಲೆನೋವು. ಇಂಥ ಓಣಿಯನ್ನು ಕಟ್ಟುನಿಟ್ಟಾಗಿ ವಸತಿ ವಲಯ ಅಂತ ಮಾಡಿ ಮಗ್ಗದ ಸದ್ದು ಬೇಡ ಅಂದರೆ ಏನಾಗುತ್ತದೆ ಯೋಚಿಸಿ. ಸ್ವಂತ ಮನೆ ಇದ್ದ ನೇಕಾರನಿಗೆ ಪೆಟ್ಟು ಬೀಳುತ್ತದೆ, ಆದರೂ ಜಾಗ ಕೈಯಲ್ಲಿರುತ್ತದೆ, ಮಾರಿದರೆ ದುಡ್ಡು ಬರುತ್ತದೆ. ಬಾಡಿಗೆ ಮನೆಯಲ್ಲಿ ಮಗ್ಗ ಹಾಕಿಕೊಂಡವನಿಗೆ ಮನೆಯೂ ಹೋಯಿತು, ಕೆಲಸವೂ ಹೋಯಿತು, ಕೈಗೆ ಬಂದದ್ದು ಡಿಪಾಸಿಟ್ಟು. ನಿರ್ಧಾರ ಒಂದೇ, ಕಳೆದುಕೊಂಡದ್ದು ಯಾರು ಜಾಸ್ತಿ?

ಮಾಲೀಕರ ವಾದದಲ್ಲಿ ಇಲ್ಲೊಂದು ತೂತು ಇದೆ. ಆಸ್ತಿ ಇದ್ದವನಿಗೆ ಊರಿನ ಹಿತ ಜಾಸ್ತಿ ಎನ್ನುತ್ತಾರೆ. ಇರಬಹುದು. ಆದರೆ ತನ್ನ ಆಸ್ತಿಯ ಬೆಲೆ ಏರಲಿ ಎಂಬ ಆಸೆಯೂ ಅವನಿಗಿರುತ್ತದೆ, ಬೆಲೆ ಏರುವುದು ಕೊರತೆ ಇದ್ದಾಗ. ನಮ್ಮ ಲೇಔಟಿನಲ್ಲಿ ಪಿಜಿ ಬೇಡ, ಮೂರನೇ ಮಹಡಿ ಬೇಡ, ಸಣ್ಣ ನಿವೇಶನ ಬೇಡ ಎಂಬ ನಿಯಮಗಳಿಗೆ ಪಾರ್ಕಿಂಗ್, ಗದ್ದಲ, ನೀರು ಅಂತ ನಿಜವಾದ ಕಾರಣಗಳೂ ಇರುತ್ತವೆ. ಅದರ ಜೊತೆಗೇ, ಹೊಸ ಮನೆ ಕಡಿಮೆಯಾದಷ್ಟೂ ಇರುವ ಮನೆಯ ಬೆಲೆ ಏರುತ್ತದೆ. ಮನೆ ಇದ್ದವರಷ್ಟೇ ಕೂತು ಈ ನಿಯಮ ಬರೆದರೆ ಹೊಸಬರಿಗೆ ಬಾಗಿಲು ಸಣ್ಣದಾಗುತ್ತಾ ಹೋಗುತ್ತದೆ. ನಾಳೆ ಆ ಬಾಗಿಲ ಹೊರಗೆ ನಿಲ್ಲುವವರಲ್ಲಿ ಅವರದೇ ಮಕ್ಕಳೂ ಇರುತ್ತಾರೆ ಅನ್ನುವುದು ಬೇರೆ ಮಾತು.

ವಿಜಯಪುರದಲ್ಲಿ ಕಥೆ ಇನ್ನೊಂದು ಥರ. ಗೋಳಗುಮ್ಮಟ, ಇಬ್ರಾಹಿಂ ರೋಜಾ ಮಾತ್ರವಲ್ಲ, ಹಳೇ ಊರಿನ ತುಂಬ ಸಂರಕ್ಷಿತ ಸ್ಮಾರಕಗಳಿವೆ. ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯ ಪ್ರಕಾರ ಇಂಥ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷೇಧ, ಅದರಾಚೆ ಮತ್ತೆ 200 ಮೀಟರ್ ಅನುಮತಿ ಬೇಕು. ಸ್ಮಾರಕ ಉಳಿಯಬೇಕು, ಸರಿ. ಆದರೆ ಮಹಡಿ ಎಬ್ಬಿಸಲಾಗದ ಮಾಲೀಕ ಬಾಡಿಗೆಗೆ ಕೋಣೆ ಕೊಡಲಾರ, ಕೋಣೆ ಹುಡುಕುವವನು ಊರ ಹೊರಗೆ ಹೋಗಬೇಕು. ಈ ನಿಯಮ ಬಂದದ್ದು ದೆಹಲಿಯಿಂದ. ವಿಜಯಪುರದ ಮಾಲೀಕನೂ ಅದರ ಮೇಲೆ ವೋಟು ಹಾಕಿಲ್ಲ.

ಬಾಗಲಕೋಟೆಯದಂತೂ ಕೇಳುವುದೇ ಬೇಡ. ಆಲಮಟ್ಟಿಯ ಹಿನ್ನೀರಿಗೆ ಊರಿನ ಭಾಗವೇ ಹೋಗಿ ನವನಗರ ಎದ್ದಿತು. ಅಣೆಕಟ್ಟಿನ ನೀರು 519.6 ಮೀಟರಿನಿಂದ 524.256 ಮೀಟರಿಗೆ ಏರಬಹುದು ಎಂದು ಕೃಷ್ಣಾ ನ್ಯಾಯಾಧಿಕರಣ 2010ರಲ್ಲಿ ಹೇಳಿದ ಮೇಲೆ ಇನ್ನಷ್ಟು ಜಾಗ ಹೋಗಲಿದೆ. 2025ರ ಸೆಪ್ಟೆಂಬರ್‌ನಲ್ಲಿ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ಎಂದು ಪರಿಹಾರ ನಿಗದಿ ಮಾಡಿತು. ಲೆಕ್ಕ ಇರುವುದು ಎಕರೆಗೆ. ಜಮೀನು ಇಲ್ಲದವನ ನಷ್ಟ ಎಕರೆಯಲ್ಲಿ ಅಳೆಯಲು ಬರುವುದಿಲ್ಲ. ಹಾಗಂತಲೇ 2013ರ ಭೂಸ್ವಾಧೀನ ಕಾಯ್ದೆ, ಆ ಜಾಗದಲ್ಲಿ ಮೂರು ವರ್ಷದಿಂದ ಬದುಕು ಕಟ್ಟಿಕೊಂಡ ಗೇಣಿದಾರ, ಕೂಲಿಕಾರರ ಕುಟುಂಬಗಳನ್ನೂ ಬಾಧಿತ ಕುಟುಂಬ ಎಂದು ಸೇರಿಸಿತು. ಬಾಗಲಕೋಟೆಯವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಊರು ಮುಳುಗುವಾಗ ನೀರು ಉತಾರ ಕೇಳುವುದಿಲ್ಲ.

ಕೀಲಿ ಇರುವುದು ಬೇರೆ ಕಡೆ

ಇಷ್ಟೆಲ್ಲ ಆದ ಮೇಲೆ ಒಂದು ಸಣ್ಣ ಪ್ರಶ್ನೆ ಉಳಿಯುತ್ತದೆ. ನಾವು ಜಗಳವಾಡುತ್ತಿರುವ ಈ ವೋಟಿಗೆ ಮನೆಪಟ್ಟಿ ಏರಿಸುವ, ಇಳಿಸುವ ಶಕ್ತಿ ಎಷ್ಟಿದೆ?

ಬಹಳ ಕಡಿಮೆ. ನಗರಗಳ ಆಡಳಿತದ ಬಗೆಗಿನ ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ ನಗರ ಯೋಜನೆ, ಜಾಗದ ಬಳಕೆ ಎಲ್ಲ 12ನೇ ಪರಿಚ್ಛೇದದ ಪಟ್ಟಿಯಲ್ಲಿ ಮೊದಲೆರಡು ಸಾಲಿನಲ್ಲೇ ಬಂದವು. ಆದರೆ ಎಷ್ಟು ಅಧಿಕಾರ ಕೊಡಬೇಕು, ಯಾವ ತೆರಿಗೆ ಹಾಕಲು ಬಿಡಬೇಕು ಎಂಬುದನ್ನು ರಾಜ್ಯದ ಕೈಯಲ್ಲೇ ಇಟ್ಟರು. ನಮ್ಮಲ್ಲಿ ಮನೆಪಟ್ಟಿಯ ಬುನಾದಿ ಗೈಡೆನ್ಸ್ ವ್ಯಾಲ್ಯೂ. ಅದನ್ನು ನಿಗದಿ ಮಾಡುವುದು ನೋಂದಣಿ ಇಲಾಖೆ, ಪಾಲಿಕೆಯಲ್ಲ. 2023ರ ಅಕ್ಟೋಬರ್ 1ರಿಂದ ರಾಜ್ಯದ ತುಂಬ ಅದನ್ನು ಏರಿಸಿದರು. ದರ ಎಷ್ಟರಿಂದ ಎಷ್ಟರವರೆಗೆ ಇರಬೇಕು ಎಂಬ ಬೇಲಿಯೂ ರಾಜ್ಯದ ಕಾಯ್ದೆಯಲ್ಲಿದೆ. ಅದರ ಮೇಲೆ 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗ, ಆಸ್ತಿ ತೆರಿಗೆಗೆ ಕನಿಷ್ಠ ದರ ನಿಗದಿ ಮಾಡಿ, ವಸೂಲಿಯನ್ನು ರಾಜ್ಯದ ಆರ್ಥಿಕ ಬೆಳವಣಿಗೆಗೆ ತಕ್ಕಂತೆ ಏರಿಸಿದರೆ ಮಾತ್ರ ನಗರಗಳಿಗೆ ಅನುದಾನ ಎಂದು ಷರತ್ತು ಹಾಕಿತು. ಹೀಗಾಗಿ ಕಾರ್ಪೊರೇಟರ್‌ಗಳು ಬೇಡ ಅಂದರೆ ದೆಹಲಿಯ ದುಡ್ಡು ತಪ್ಪುತ್ತಿತ್ತು. ಹೂಂ ಅನ್ನುವುದು ಬಿಟ್ಟು ಅವರಿಗೆ ಬೇರೆ ದಾರಿ ಕಡಿಮೆ ಇತ್ತು.

ಝೋನಿಂಗ್‌ದೂ ಅದೇ ಕಥೆ. ಯಾವ ಜಾಗ ಯಾವುದಕ್ಕೆ ಎಂದು ಹೇಳುವ ಮಾಸ್ಟರ್ ಪ್ಲಾನ್ ಮಾಡುವುದು ನಗರಾಭಿವೃದ್ಧಿ ಪ್ರಾಧಿಕಾರ. ಅದರ ಅಧ್ಯಕ್ಷರನ್ನು ನೇಮಿಸುವುದು ಸರ್ಕಾರ, ನಾವಲ್ಲ. ಪ್ಲಾನಿಗೆ ಒಪ್ಪಿಗೆ ಕೊಡುವುದೂ ಸರ್ಕಾರ.

ವೋಟು ಹಾಕಿದ ಮೇಲಾದರೂ ಬೇಗ ಆಡಳಿತ ಬರುತ್ತದಾ ಅಂದರೆ ಅದೂ ಇಲ್ಲ. ಬೆಳಗಾವಿಯ 58 ವಾರ್ಡುಗಳಿಗೆ ಚುನಾವಣೆ ನಡೆದದ್ದು 2021ರ ಸೆಪ್ಟೆಂಬರ್‌ನಲ್ಲಿ, ಮೇಯರ್ ಆಯ್ಕೆಯಾದದ್ದು 2023ರ ಫೆಬ್ರವರಿಯಲ್ಲಿ. ವಿಜಯಪುರದ 35 ವಾರ್ಡಿನ ಜನ 2022ರ ಅಕ್ಟೋಬರ್‌ನಲ್ಲಿ ವೋಟು ಹಾಕಿ, ಮೇಯರ್ ಮುಖ ನೋಡಿದ್ದು 2024ರ ಜನವರಿಯಲ್ಲಿ. ಮಧ್ಯದ ಅಷ್ಟೂ ತಿಂಗಳು ಅಧಿಕಾರಿಗಳದೇ ಆಡಳಿತ. ಆ ಹೊತ್ತಿನಲ್ಲಿ ಮಾಲೀಕನ ವೋಟಿಗೂ ಬಾಡಿಗೆದಾರನ ವೋಟಿಗೂ ಒಂದೇ ಬೆಲೆ, ಅಂದರೆ ಸೊನ್ನೆ. ಓಣಿಯಲ್ಲಿ ಇಬ್ಬರು ಪರಸ್ಪರ ಕೊರಳಪಟ್ಟಿ ಹಿಡಿದುಕೊಂಡಿದ್ದಾರೆ, ಕೀಲಿ ಇರುವುದು ಮಾತ್ರ ಬೆಂಗಳೂರಿನಲ್ಲಿ.

ಹಕ್ಕಿದೆ, ಪಟ್ಟಿಯಲ್ಲಿ ಹೆಸರಿಲ್ಲ

ಇನ್ನೊಂದು ವಿಚಿತ್ರ. ಬಾಡಿಗೆದಾರರಿಗೆ ವೋಟು ಯಾಕೆ ಅಂತ ಕೇಳುತ್ತಿರುವ ಹೊತ್ತಿಗೇ, ವಾಸವಿರುವ ವಾರ್ಡಿನಲ್ಲಿ ವೋಟೇ ಇಲ್ಲದ ಬಾಡಿಗೆದಾರರು ಬೇಕಾದಷ್ಟಿದ್ದಾರೆ. 2011ರ ಜನಗಣತಿಯ ಪ್ರಕಾರ ದೇಶದ ನಗರಗಳಲ್ಲಿ ಶೇ 27.5 ಕುಟುಂಬಗಳು ಬಾಡಿಗೆ ಮನೆಯಲ್ಲಿದ್ದವು. ಅಂದರೆ ನಾಲ್ಕರಲ್ಲಿ ಒಂದಕ್ಕಿಂತ ಜಾಸ್ತಿ. ಇವರೆಲ್ಲ ವೋಟು ಎಲ್ಲಿ ಹಾಕುತ್ತಾರೆ? ಅಥಣಿಯಿಂದ ಬಂದವರು ಅಥಣಿಯಲ್ಲಿ, ಇಂಡಿಯಿಂದ ಬಂದವರು ಇಂಡಿಯಲ್ಲಿ, ಇಲ್ಲವೇ ಮೂರು ಮನೆ ಬದಲಿಸುವ ಮೊದಲು ಇದ್ದ ವಾರ್ಡಿನಲ್ಲಿ.

ಕಾರಣ ಸರಳ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರನ್ನು ನೋಂದಾಯಿಸಬೇಕು, ಅದಕ್ಕೇ 11 ತಿಂಗಳ ಕರಾರು. ಮನೆ ಬದಲಾದಾಗಲೆಲ್ಲ ಫಾರ್ಮ್ 8 ತುಂಬಿ ವಿಳಾಸ ಬದಲಿಸಬೇಕು, ಅದಕ್ಕೆ ವಿಳಾಸದ ದಾಖಲೆ ಬೇಕು. ಕರಾರಿನ ಪತ್ರ ಕೈಗೆ ಕೊಟ್ಟರೆ ನಾಳೆ ಮನೆ ಬಿಡಲಿಕ್ಕಿಲ್ಲ ಅಂತ ಕೆಲವು ಮಾಲೀಕರಿಗೆ ಭಯ. ಬಾಯಿಮಾತಿನ ಬಾಡಿಗೆಯೇ ಜಾಸ್ತಿ. ಮತದಾರರ ಪಟ್ಟಿಯಲ್ಲಿ ಹೆಸರು ಬಂದರೆ ಮನೆಯ ಮೇಲೆ ಹಕ್ಕು ಬರುತ್ತದೆ ಎಂಬುದು ಸುಳ್ಳು ಭಯ, ಆದರೆ ಗಟ್ಟಿಯಾಗಿ ಕೂತಿದೆ.

ಬೆಳಗಾವಿಯ ಕ್ಯಾಂಪಿನಂಥ ಕಂಟೋನ್ಮೆಂಟುಗಳಿಗೆ, ಅಂದರೆ ಸೇನಾ ಪ್ರದೇಶಗಳಿಗೆ, ಬೇರೆಯೇ ಕಾಯ್ದೆ ಇದೆ. ಮಧ್ಯಪ್ರದೇಶದ ಪಚಮಡಿ ಕಂಟೋನ್ಮೆಂಟಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ, ಅಕ್ರಮ ಕಟ್ಟಡಗಳಲ್ಲಿ ಇರುವವರು ಕಂಟೋನ್ಮೆಂಟ್ ಮತದಾರರ ಪಟ್ಟಿಗೆ ಬರುವಂತಿಲ್ಲ ಎಂದಿತು. ಮನೆಯ ಮಾಲೀಕತ್ವವಲ್ಲ, ಮನೆಯ ನಂಬರು ಅಲ್ಲಿ ಪ್ರಶ್ನೆಯಾಗಿತ್ತು. ಇಂಥ ನಿಯಮವನ್ನು ಪಾಲಿಕೆಗಳಿಗೂ ತಂದರೆ ಬಿ ಖಾತೆಯ ಬಡಾವಣೆಗಳ ಮಾಲೀಕರೇ ಮೊದಲು ಹೊರಗೆ ಬೀಳುತ್ತಾರೆ. ವೋಟಿಗೆ ಆಸ್ತಿಯ ಕಾಗದ ಕೇಳಲು ಶುರು ಮಾಡಿದರೆ ಅದು ಬಾಡಿಗೆದಾರನ ಬಾಗಿಲಲ್ಲೇ ನಿಲ್ಲುತ್ತದೆ ಅನ್ನುವ ಗ್ಯಾರಂಟಿ ಇಲ್ಲ.

ಮುಂದೆ ಏನಾಗಬಹುದು?

ಬಾಡಿಗೆದಾರರ ವೋಟು ಕಾನೂನಿನಿಂದ ಹೋಗುವುದು ಸದ್ಯಕ್ಕೆ ಆಗದ ಮಾತು. ಆದರೆ ಸ್ಥಳೀಯ ಚುನಾವಣೆಗೆ ಬೇರೆ ಪಟ್ಟಿ ಬಂದರೆ ಅದನ್ನು ಹೇಗೆ ಮಾಡುತ್ತಾರೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಮನೆಮನೆಗೆ ಹೋಗಿ, ಈ ಮನೆಯಲ್ಲಿ ಈಗ ಯಾರಿದ್ದಾರೆ ಅಂತ ಕೇಳಿ ಬರೆದರೆ ಬಾಡಿಗೆದಾರರು ಸೇರುತ್ತಾರೆ. ಮಾಲೀಕರನ್ನು ಕೇಳಿ ಬರೆದುಕೊಂಡರೆ, ಅಥವಾ ಕಾಗದ ತೋರಿಸಿ ಅಂದರೆ, ಕಾನೂನಿನ ಒಂದು ಅಕ್ಷರವೂ ಬದಲಾಗದೆ ಅವರು ಬಿಟ್ಟುಹೋಗುತ್ತಾರೆ. ಹಾಗೆ ಬಿಟ್ಟುಹೋದ ವಾರ್ಡಿನಲ್ಲಿ ಕಾರ್ಪೊರೇಟರ್ ಲೆಕ್ಕ ಹಾಕುವುದು ಉಳಿದ ಹೆಸರುಗಳನ್ನು ಮಾತ್ರ. ಸಾರ್ವಜನಿಕ ನಳ ಬೇಕೋ ಪಾರ್ಕಿಗೆ ಕಾಂಪೌಂಡು ಬೇಕೋ ಅನ್ನುವಾಗ ಕಾಂಪೌಂಡು ಗೆಲ್ಲುತ್ತದೆ.

ಇನ್ನು ಮಾಸ್ಟರ್ ಪ್ಲಾನ್ ವಿಷಯ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ ಕರಡು ಪ್ಲಾನ್ ಪ್ರಕಟವಾದ ಮೇಲೆ 60 ದಿನ ಆಕ್ಷೇಪಣೆ, ಸಲಹೆಗೆ ಅವಕಾಶವಿದೆ. ಯಾವುದೋ ಒಂದು ಜಾಗದ ಬಳಕೆ ಬದಲಿಸುವುದಾದರೆ ಪತ್ರಿಕೆಯಲ್ಲಿ, ಅದೂ ಕನ್ನಡ ಪತ್ರಿಕೆಯಲ್ಲಿ, ಪ್ರಕಟಣೆ ಕೊಟ್ಟು ಕನಿಷ್ಠ 15 ದಿನ ಕಾಯಬೇಕು. ಕಾಯ್ದೆ ಕರೆಯುವುದು ಸಾರ್ವಜನಿಕರನ್ನು. ಆಸ್ತಿ ಮಾಲೀಕರನ್ನು ಎಂದು ಅಲ್ಲಿ ಬರೆದಿಲ್ಲ. ವಡಗಾವಿಯಲ್ಲಿ ಬಾಡಿಗೆ ಮನೆಯಲ್ಲಿ ಮಗ್ಗ ಹಾಕಿಕೊಂಡವನೂ ಒಂದು ಹಾಳೆಯ ಮೇಲೆ ಬರೆದು ಕೊಡಬಹುದು.

ಕೊಡುತ್ತಾರಾ? ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಇಂಥ ಸಭೆಗಳ ದಾಖಲೆ ತೆಗೆದು ನೋಡಿದ ಸಂಶೋಧಕರಿಗೆ ಕಂಡದ್ದು, ವೋಟು ಎಲ್ಲರಿಗೂ ಇದ್ದರೂ ಎದ್ದುನಿಂತು ಮಾತಾಡುವವರಲ್ಲಿ ಮನೆ ಮಾಲೀಕರದೇ ಬಹುಪಾಲು. ಇಲ್ಲಿ ಆ ಪ್ರಕಟಣೆ ಬರುವುದು ಒಳಪುಟದಲ್ಲಿ, ಸರ್ವೆ ನಂಬರುಗಳ ಸಾಲಿನಲ್ಲಿ, ಇರುವೆಯಂಥ ಅಕ್ಷರದಲ್ಲಿ. ತಾನಿರುವ ಮನೆಯ ಸರ್ವೆ ನಂಬರು ಮಾಲೀಕನಿಗಾದರೆ ಬಾಯಿಪಾಠ. ಬಾಡಿಗೆದಾರನಿಗೆ ಅದು ಗೊತ್ತಾಗುವ ಕಾಗದ ಯಾವುದೂ ಅವನ ಕೈಯಲ್ಲಿಲ್ಲ.